ಕಥೆಯ ಪಾತ್ರಗಳ ಗುಣ ಗುರುತಿಸುವ ಕಾರ್ಡುಗಳು: ನಾಲ್ಕನೇ ತರಗತಿಯಲ್ಲಿ ಬಳಸಿ ನೋಡಿದ್ದು

ಹಾಸನದ ಪುಸ್ತಕದಂಗಡಿಯೊಂದರಲ್ಲಿ ಕೊಂಡ ಈ ಕಾರ್ಡುಗಳನ್ನು ನನ್ನ ನಾಲ್ಕನೇ ತರಗತಿಯ ಮಕ್ಕಳೊಂದಿಗೆ ಬಳಸುತ್ತಿದ್ದೇನೆ. 1ರಿಂದ 3ನೇ ತರಗತಿಯವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕಾರ್ಡುಗಳಲ್ಲೇ ಓದಿ ಬಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಇವುಗಳ ಬಳಕೆಯನ್ನು ಹೆಚ್ಚೇನೂ ಹೇಳಿಕೊಡಬೇಕಾಗಲಿಲ್ಲ. ಪ್ರತಿ ಕಾರ್ಡಿನಲ್ಲೂ ಪಾತ್ರ ಆಡಿದ್ದು, ಮಾಡಿದ್ದು, ಯೋಚಿಸಿದ್ದು ಎಂಬ ಮೂರು ಮನೆಗಳಿದ್ದು, ಅವುಗಳನ್ನು ತುಂಬಿದ ಮೇಲಷ್ಟೇ ಗುಣದ ಹೆಸರು ಬರೆಯಬೇಕೆಂಬ ಕ್ರಮವೇ ಇವುಗಳ ನಿಜವಾದ ಹೆಚ್ಚುಗಾರಿಕೆ; ಇಲ್ಲವಾದರೆ ಮಕ್ಕಳು ಎಲ್ಲರನ್ನೂ ‘ಒಳ್ಳೆಯವರು’, ‘ಕೆಟ್ಟವರು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಪುಣ್ಯಕೋಟಿಯ ಕಾರ್ಡಿನಲ್ಲಿ ‘ಕರುವಿಗೆ ಹಾಲು ಕುಡಿಸಿ ಹುಲಿಯ ಬಳಿಗೆ ಮರಳಿ ಬಂದಳು’ ಎಂದು ಬರೆದ ಹುಡುಗಿಯೊಬ್ಬಳು ‘ಪ್ರಾಮಾಣಿಕತೆ’ಯ ಪಕ್ಕದಲ್ಲಿ ‘ಧೈರ್ಯ’ವನ್ನೂ ಸೇರಿಸಿ, “ಹೆದರಿಕೆಯಿದ್ದರೂ ಬಂದಳಲ್ಲ ಮಿಸ್” ಎಂದು ಸಮರ್ಥಿಸಿಕೊಂಡಳು. ಆದರೆ ಹುಲಿಗೆ ‘ಕ್ರೂರಿ’ ಎಂಬ ಒಂದೇ ಉತ್ತರವನ್ನು ಮುದ್ರಿಸಿರುವುದು ಸರಿಯಲ್ಲ. ಕೊನೆಯಲ್ಲಿ ಅದೇ ಹುಲಿ ಹಸುವನ್ನು ತಿನ್ನಲಾರದೆ ಪ್ರಾಣ ಬಿಡುವುದರಿಂದ, ಪಾತ್ರ ಬದಲಾಗುವುದನ್ನು ಬರೆಯಲು ಇನ್ನೊಂದು ಮನೆ ಇರಬೇಕಿತ್ತು. ಉತ್ತರಪುಟವನ್ನು ಪಕ್ಕಕ್ಕಿಟ್ಟು ಪಾಠ ಮಾಡಬಲ್ಲ ಶಿಕ್ಷಕರು ಈ ಕಾರ್ಡುಗಳನ್ನು ಧಾರಾಳವಾಗಿ ಕೊಳ್ಳಬಹುದು. ಕಾಗದ ಮಾತ್ರ ತೀರಾ ತೆಳುವಾಗಿದ್ದು ನಮ್ಮ ಮಳೆಗಾಲದ ತೇವಕ್ಕೆ ಮುದುರುವುದರಿಂದ, ಮೊದಲೇ ಲ್ಯಾಮಿನೇಷನ್ ಮಾಡಿಸಿಕೊಳ್ಳುವುದು ಮೇಲು.