ಚಿರೆಕಲ್ಲಿಗೆ ಉಜ್ಜಿದ ಕಾರು: ಮನೆಯಲ್ಲೇ ಮಾಡುವ ರಿಪೇರಿಗಳಲ್ಲಿ ಮಳೆಗಾಲ ದಾಟುವುದು ಯಾವುದು?

ಕಾರವಾರದಿಂದ ಭಟ್ಕಳದವರೆಗೆ ಸಣ್ಣ ಅಪಘಾತದ ಗುರುತುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕಂಪೌಂಡಿನ ಚಿರೆಕಲ್ಲಿಗೆ ಉಜ್ಜಿದ ಬಂಪರು, ಬೈಕಿನ ಹ್ಯಾಂಡಲ್ ತಾಗಿ ನೆಗ್ಗಿದ ಬಾಗಿಲು, ಬಾನೆಟ್ಟಿನ ಮೇಲೆ ಬಿದ್ದ ತೆಂಗಿನಕಾಯಿ. ಅಂಗಳದಲ್ಲೇ ಇವನ್ನು ಸರಿಮಾಡುವ ವಿಧಾನಗಳೆಲ್ಲ ಮೊದಲ ವಾರ ಚೆಂದವೇ ಕಾಣುತ್ತವೆ. ಬಣ್ಣ ಬಯಲಾಗುವುದು ಒಂದು ಮಳೆಗಾಲ ಕಳೆದ ಮೇಲೆ. ಕರಾವಳಿಯಲ್ಲಿ ಹೋಲಿಸಬೇಕಾದದ್ದು ಹೊಳಪನ್ನಲ್ಲ, ಬಣ್ಣದಡಿಯ ತಗಡಿಗೆ ಉಪ್ಪುಗಾಳಿ ತಾಗುತ್ತದೆಯೇ ಇಲ್ಲವೇ ಎಂಬುದನ್ನು.

ಕೈ ಹಾಕುವ ಮುನ್ನ ವಿಮೆಯ ಲೆಕ್ಕ. ಕ್ಲೈಮ್ ಮಾಡದಿದ್ದರೆ ಸ್ವಂತ ಹಾನಿ ಪ್ರೀಮಿಯಂನಲ್ಲಿ (ನಮ್ಮದೇ ಕಾರಿನ ಹಾನಿಗೆಂದು ಕಟ್ಟುವ ಭಾಗ) ಮೊದಲ ವರ್ಷ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ ಶೇ 50 ರಿಯಾಯಿತಿ. ಒಂದು ಕ್ಲೈಮಿಗೆ ಅಷ್ಟೂ ಸೊನ್ನೆ. ಜೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಬೆಲೆ ಕೊಡುವ ಸೌಲಭ್ಯ, ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆ ಮಾತ್ರ ಸಿಗುತ್ತದೆ, ಅದರಲ್ಲೂ 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ ಕಡ್ಡಾಯ ಕಡಿತ. 6000 ರೂಪಾಯಿಯ ಬಂಪರಿಗೆ ಕೈಗೆ ಬರುವುದು 2000. ಶೇ 50 ರಿಯಾಯಿತಿ ಇದ್ದವರಿಗೆ ಒಂದು ಬಂಪರಿಗಾಗಿ ಕ್ಲೈಮ್ ಮಾಡುವುದು ನಷ್ಟದ ಬಾಬತ್ತು.

ಬಂಪರ್ ನೆಗ್ಗು: ಬಿಸಿನೀರೋ, ಹೀಟ್ ಗನ್ನೋ?

ಬಂಪರಿನ ಒಳಮೈಯಲ್ಲಿ ‘ಪಿಪಿ’ ಎಂಬ ಅಚ್ಚು ಇದ್ದರೆ ಅದು ಪಾಲಿಪ್ರೊಪಿಲೀನ್. ಬಿಸಿ ತಾಗಿದರೆ ಮೆತ್ತಗಾಗಿ ತನ್ನ ಹಳೆಯ ಆಕಾರಕ್ಕೆ ಮರಳುವ ಗುಣ ಅದಕ್ಕಿದೆ. ಎರಡು ಮೂರು ಲೀಟರ್ ಕುದಿಯುವ ನೀರನ್ನು ನೆಗ್ಗಿನ ಮೇಲ್ಬದಿಯಿಂದ ನಿಧಾನ ಸುರಿದು, ದಪ್ಪ ಕೈಗವಸು ಹಾಕಿದ ಕೈಯಿಂದ ಒಳಗಿನಿಂದ ದೂಡಬೇಕು. ಎದ್ದ ತಕ್ಷಣ ತಣ್ಣೀರು ಎರಚಬೇಕು, ಇಲ್ಲದಿದ್ದರೆ ಅರ್ಧ ತಾಸಿನಲ್ಲಿ ಮತ್ತೆ ಕುಸಿಯಬಹುದು. ಕೈ ಹೋಗಲು ಚಕ್ರದ ಕಮಾನಿನ ಸ್ಕ್ರೂ, ಅಡಿಯ ಕ್ಲಿಪ್‌ಗಳನ್ನು ಬಿಚ್ಚಬೇಕಾಗುತ್ತದೆ. ಹಳೆಯ ಕ್ಲಿಪ್ ಮುರಿಯುವುದೇ ಹೆಚ್ಚು. ಹತ್ತು ಹೊಸದನ್ನು ತಂದಿಟ್ಟುಕೊಂಡೇ ಶುರುಮಾಡಿ.

ನೀರಿನ ಗುಣವೆಂದರೆ ನೂರು ಡಿಗ್ರಿ ಮೀರುವುದಿಲ್ಲ, ಬಣ್ಣ ಗುಳ್ಳೆ ಏಳುವುದಿಲ್ಲ. ಅಗಲವಾದ ನೆಗ್ಗಿಗೆ ಅಷ್ಟು ಸಾಕು. ಚೂಪಾಗಿ ಮಡಿಚಿಕೊಂಡ ಗೆರೆ ಮಾತ್ರ ಅದಕ್ಕೆ ಜಗ್ಗುವುದಿಲ್ಲ. ಅಲ್ಲಿ ಬಿಸಿಗಾಳಿ ಊದುವ ಹೀಟ್ ಗನ್ ಗೆಲ್ಲುತ್ತದೆ, ಆದರೆ ಕಡಿಮೆ ಸೆಟ್ಟಿಂಗ್, 15ರಿಂದ 20 ಸೆಂಟಿಮೀಟರ್ ದೂರ, ಕೈ ಒಂದು ಕ್ಷಣವೂ ನಿಲ್ಲಬಾರದು. ಸಾಧ್ಯವಾದರೆ ಒಳಬದಿಯಿಂದಲೇ ಬಿಸಿ ಕೊಡಿ. ಹೊರಮೈ ಮೇಲೆ ಒದ್ದೆ ಬೆರಳಿನ ಹನಿ ಇಟ್ಟಾಗ ಚುಂಯ್ ಎಂದರೆ ಬಿಸಿ ಸಾಕು. ಗುಳ್ಳೆ ಎದ್ದ ಬಣ್ಣ ಮತ್ತೆ ಕೂರುವುದಿಲ್ಲ.

ಬಂಪರ್ ಬಿರುಕು ಬಿಟ್ಟಿದ್ದರೆ ಬಹಳ ಮಂದಿ ಮೊದಲು ಕೈ ಚಾಚುವುದು ಎಂಸೀಲ್ ಎಂಬ ಎಪಾಕ್ಸಿ ಮೆತ್ತಿಗೆ. ದುಡ್ಡು ದಂಡ. ಪಿಪಿಗೆ ಎಪಾಕ್ಸಿ ಕಚ್ಚಿಕೊಳ್ಳುವುದಿಲ್ಲ. ಘಾಟಿಯ ಹೊಂಡಗಳಲ್ಲಿ ನಾಲ್ಕು ದಿನ ಅಲುಗಾಡಿದರೆ ಹಪ್ಪಳದಂತೆ ಎದ್ದು ಬರುತ್ತದೆ. ಕೇಬಲ್ ಟೈ ಹೊಲಿಗೆ ನೋಡಲು ಗುಡಿಸಲಿನ ತಟ್ಟಿಯಂತಿದ್ದರೂ ಎಂಸೀಲಿಗಿಂತ ಬಾಳುತ್ತದೆ. ಎಲ್ಲಕ್ಕಿಂತ ಗಟ್ಟಿ ಹಾಟ್ ಸ್ಟೇಪ್ಲರ್, ಅಂದರೆ ಸ್ಟೇಪಲ್ಲನ್ನು ಕಾಯಿಸಿ ಪ್ಲಾಸ್ಟಿಕ್ಕಿನೊಳಗೆ ಇಳಿಸುವ ಗನ್: ಬಿರುಕಿನ ತುದಿಯಲ್ಲಿ 3 ಮಿಲಿಮೀಟರ್ ತೂತು ಕೊರೆದು ಅದು ಮುಂದೆ ಓಡದಂತೆ ತಡೆಯಿರಿ. ಹಿಂಬದಿಯಿಂದ 0.8 ಮಿಲಿಮೀಟರಿನ ಅಲೆಯಾಕಾರದ ಸ್ಟೇಪಲ್ಲನ್ನು ಕಾಯಿಸಿ, ಪ್ಲಾಸ್ಟಿಕ್ಕಿನ ದಪ್ಪದ ಮೂರರಲ್ಲಿ ಎರಡು ಭಾಗದಷ್ಟು ಒಳಗಿಳಿಸಿ. ಗನ್ನಿನ ಸ್ವಿಚ್ ಬಿಟ್ಟು, ಪ್ಲಾಸ್ಟಿಕ್ ಆರಿ ಹಿಡಿದ ಮೇಲೆ ಗನ್ ತೆಗೆಯಿರಿ. ಒಂದೊಂದೂವರೆ ಸೆಂಟಿಮೀಟರಿಗೊಂದರಂತೆ, ಒಂದು ಎಡಕ್ಕೆ ಓರೆ, ಇನ್ನೊಂದು ಬಲಕ್ಕೆ. ಸ್ಟೇನ್‌ಲೆಸ್ ಸ್ಟೇಪಲ್ಲನ್ನೇ ಕೇಳಿ ತನ್ನಿ. ಸಾದಾ ತಂತಿ ಈ ಗಾಳಿಯಲ್ಲಿ ತುಕ್ಕಿನ ನೀರು ಸುರಿಸುತ್ತದೆ. ಪ್ಲಾಸ್ಟಿಕ್ ಹೊಗೆ ಕುಡಿಯದಂತೆ ಬಯಲಲ್ಲಿ ಮಾಡಿ.

ತಗಡಿನ ನೆಗ್ಗು

ಬಣ್ಣ ಒಡೆಯದ ನೆಗ್ಗಿಗೆ ಸಕ್ಷನ್ ಕಪ್ಪು, ಅಂಟು ಪುಲ್ಲರ್ ಎರಡೂ ಉಂಟು. ಬಾಗಿಲಿನ ನಡುಭಾಗದಲ್ಲಿ ತಟ್ಟೆಯಷ್ಟು ಅಗಲವಾಗಿ, ಆಳವಿಲ್ಲದೆ ತಗ್ಗಾಗಿದ್ದರೆ ಸಕ್ಷನ್ ಕಪ್ಪು ಒಂದೇ ಎಳೆತಕ್ಕೆ ಟಪ್ ಎನ್ನಿಸುತ್ತದೆ. ಅಂಚಿನ ಹತ್ತಿರ, ಬಾಡಿಯ ಗೆರೆಯ ಮೇಲೆ, ನಾಣ್ಯದಷ್ಟು ಸಣ್ಣ ನೆಗ್ಗಿನ ಮೇಲೆ ಅದು ಹಿಡಿಯುವುದೇ ಇಲ್ಲ. ಅಲ್ಲಿ ಅಂಟು ಪುಲ್ಲರ್ ಬೇಕು: ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಿಸಿ ಅಂಟು ಹಚ್ಚಿದ ಟ್ಯಾಬನ್ನು ಒತ್ತಿಟ್ಟು, ಆರಿದ ಮೇಲೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಬಿಸಿಲಿಗೆ ಕಾದ ತಗಡಿನ ಮೇಲೆ ಅಂಟು ಗಟ್ಟಿಯಾಗದೆ ಜಾರುತ್ತದೆ, ಆದ್ದರಿಂದ ಬೆಳಗಿನ ನೆರಳೇ ಸರಿ. ಎಳೆದದ್ದು ಹೆಚ್ಚಾಗಿ ಉಬ್ಬು ಬಂದರೆ ನೈಲಾನ್ ಮೊನೆಯಿಂದ ಮೆಲ್ಲಗೆ ತಟ್ಟಿ ಇಳಿಸಿ. ಹಿಂದೆ ಒಮ್ಮೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ ಬಾಗಿಲಿಗೆ ಈ ವಿಧಾನ ಬೇಡ. ಅಂಟಿನ ಜೊತೆ ಬಣ್ಣದ ಹಾಳೆಯೇ ಕಿತ್ತು ಬರಬಹುದು. ಹೇರ್ ಡ್ರೈಯರಿನಿಂದ ಕಾಯಿಸಿ ಐಸ್ ಇಡುವ ಮೊಬೈಲ್ ರೀಲಿನ ಉಪಾಯವನ್ನು ರೀಲಿನಲ್ಲೇ ನೋಡಿ ಖುಷಿಪಡಿ.

ಸಕ್ಷನ್ ಕಪ್ಪು, ಅಂಟು ಪುಲ್ಲರ್ ಎರಡೂ ಪೂರ್ತಿ ಫಲ ಕೊಡದೆ ಸಣ್ಣ ನೆರಳು ಉಳಿದರೆ ಅದನ್ನು ಹಾಗೇ ಬಿಡುವುದು ತಗ್ಗು ತುಂಬಲು ಪುಟ್ಟಿ ಹಾಕುವುದಕ್ಕಿಂತ ಮೇಲು. ಕಾರ್ಖಾನೆಯ ಬಣ್ಣ ಅಖಂಡವಾಗಿರುವವರೆಗೆ ತಗಡಿಗೆ ಅಪಾಯವಿಲ್ಲ. ಪುಟ್ಟಿ ಹಾಕಲು ನಾವೇ ಅದನ್ನು ಉಜ್ಜಿ ತೆಗೆಯುತ್ತೇವೆ.

ಬಣ್ಣ ಕಿತ್ತು ತಗಡು ಕಂಡಿದ್ದರೆ ಬೇರೆ ದಾರಿಯಿಲ್ಲ. ಮೊದಲು ಸಿಹಿನೀರಿನಿಂದ ಮೂರು ಸಲ ತೊಳೆಯಿರಿ. ಕಡಲ ದಂಡೆಯ ಎಷ್ಟೋ ಬಾವಿಗಳ ನೀರಿಗೂ ಉಪ್ಪಿನ ರುಚಿ ಇರುತ್ತದೆ, ಅದು ಆಗದು. ಮೀನು ಲಾರಿಯ ಹಿಂದೆ ಹೆದ್ದಾರಿಯಲ್ಲಿ ಬಂದ ಕಾರಾದರೆ ಅಡಿಭಾಗವನ್ನೂ ತೊಳೆಯಿರಿ. ಉಪ್ಪಿನ ಮೇಲೆ ಉಜ್ಜಿದರೆ ಉಪ್ಪನ್ನೇ ತಗಡಿಗೆ ತಿಕ್ಕಿದಂತೆ. ಒಣಗಿದ ಮೇಲೆ 80, ಆಮೇಲೆ 180ರ ಎಮರಿ ಪೇಪರ್. ಉಜ್ಜಿದ ತಗಡನ್ನು ನಾಳೆಗೆ ಬಿಡಬೇಡಿ; ಮಳೆಗಾಲದ ಗಾಳಿಗೆ ಕೆಲವೇ ತಾಸುಗಳಲ್ಲಿ ಕೆಂಪು ಛಾಯೆ ಕೂರುತ್ತದೆ.

ಇಲ್ಲಿ ಎರಡು ಪ್ರೈಮರ್‌ಗಳ (ಬಣ್ಣಕ್ಕೆ ಮೊದಲು ತಗಡಿಗೆ ಬಳಿಯುವ ಅಡಿಲೇಪ) ನಡುವಿನ ಆಯ್ಕೆಯೇ ಇಡೀ ಕೆಲಸದ ಹಣೆಬರಹ. ಅಂಗಡಿಯವರು ಮೊದಲು ಕೊಡುವ ಬೂದು ಪ್ರೈಮರ್ ಸರ್ಫೇಸರ್ ಉಜ್ಜಲು ಸಲೀಸು, ಆದರೆ ಅದರಲ್ಲಿ ಸೂಕ್ಷ್ಮ ರಂಧ್ರಗಳಿದ್ದು ನೀರು ಹೀರುತ್ತದೆ. ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ನಿಧಾನ, ದುಬಾರಿ, ಉಜ್ಜಲು ಹಟಮಾರಿ. ಆದರೆ ನೀರನ್ನು ತಡೆಯುವುದು ಅದೇ. ಬರೀ ಬೂದು ಪ್ರೈಮರಿನಲ್ಲಿ ಆಷಾಢ ಕಳೆದ ಮಡ್‌ಗಾರ್ಡನ್ನು ಗಣೇಶ ಚೌತಿಗೆ ಉಜ್ಜಿ ನೋಡಿ, ಅಡಿಯಲ್ಲಿ ಕಂದು ಚುಕ್ಕೆಗಳು ಸಿಗುತ್ತವೆ.

ಪುಟ್ಟಿಯನ್ನು ಎಪಾಕ್ಸಿಯ ಮೇಲೆಯೇ ಹಾಕಿ. 100 ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 2 ಗ್ರಾಂ. 30 ಡಿಗ್ರಿ ಸೆಕೆಯಲ್ಲಿ ಐದು ನಿಮಿಷದೊಳಗೆ ಗಟ್ಟಿಯಾಗುವುದರಿಂದ ಒಮ್ಮೆಗೆ ನಿಂಬೆಹಣ್ಣಿನಷ್ಟೇ ಕಲಸಿ. ಹಾರ್ಡನರ್ ಹೆಚ್ಚಾದರೆ ಮೇಲಿನ ಬಣ್ಣದಲ್ಲಿ ಹಳದಿ ಕಲೆ ಏಳುತ್ತದೆ, ಕಡಿಮೆಯಾದರೆ ಜಿಗುಟು ಹೋಗುವುದಿಲ್ಲ. ಉಜ್ಜಿದ ಮೇಲೆ ದಪ್ಪ 3 ಮಿಲಿಮೀಟರ್ ಮೀರಬಾರದು. ಇನ್ನೊಂದು, ಪುಟ್ಟಿಯನ್ನು ನೀರು ಹಾಕಿ ಉಜ್ಜುವ ಅಭ್ಯಾಸ. ಪುಟ್ಟಿಯಲ್ಲಿರುವ ಟಾಲ್ಕ್ ಪುಡಿ ಆ ನೀರನ್ನು ಹಿಡಿದಿಟ್ಟುಕೊಂಡು, ಬಿಸಿಲು ಬಂದಾಗ ಗುಳ್ಳೆಯಾಗಿ ಹೊರಗೆ ಹಾಕುತ್ತದೆ. ಒಣದಾಗಿಯೇ ಉಜ್ಜಿ.

ಬಣ್ಣ: ಕುಂಚ, ಒಂದು ಡಬ್ಬಿ, ಎರಡು ಡಬ್ಬಿ

ಬಣ್ಣದ ಕೋಡ್ ಬಾಗಿಲಿನ ಕಂಬದಲ್ಲೋ ಬಾನೆಟ್ಟಿನ ಅಡಿಯ ಪಟ್ಟಿಯಲ್ಲೋ ಇರುತ್ತದೆ. ಉಗುರಿಗೆ ಸಿಗುವ ಸಪೂರ ಗೀರಿಗೆ ಟಚ್‌ಅಪ್ ಕುಂಚ ಸಾಕು. ನೋಟ ಸಾಧಾರಣ, ರಕ್ಷಣೆ ಪೂರ್ತಿ. ಅಂಗೈಯಗಲ ಮೀರಿದರೆ ಸ್ಪ್ರೇ. ಸಾದಾ ಬಿಳಿಗೆ ಹೊಂದಿಸುವುದು ಸುಲಭ. ಬೆಳ್ಳಿ, ಪರ್ಲ್ ಬಣ್ಣಗಳಲ್ಲಿ ತೇಪೆ ದೂರಕ್ಕೇ ಕಾಣುತ್ತದೆ, ಅವನ್ನು ಪೇಂಟರಿಗೆ ಬಿಡಿ. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ ಕ್ಲಿಯರ್ ಕೋಟ್. ಸಾದಾ ಒಂದು ಡಬ್ಬಿಯದು ಪೆಟ್ರೋಲ್ ತಾಗಿದರೆ ಕರಗುತ್ತದೆ, ಆದ್ದರಿಂದ ಟ್ಯಾಂಕಿನ ಮುಚ್ಚಳದ ಆಸುಪಾಸು ಬೇಡ. ಹಾರ್ಡನರ್ ಸೇರುವ ಎರಡು ಡಬ್ಬಿಯ ‘ಟೂಕೆ’ ಕ್ಲಿಯರ್ ಗಾಜಿನಂತೆ ಗಟ್ಟಿ. ಅದರ ಐಸೊಸಯನೇಟ್ ಆವಿ ಮಾತ್ರ ಶ್ವಾಸಕೋಶಕ್ಕೆ ವಿಷ. ಬಟ್ಟೆಯ ಮಾಸ್ಕ್ ಏನೂ ತಡೆಯುವುದಿಲ್ಲ. ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಇಲ್ಲದಿದ್ದರೆ ಮುಟ್ಟಬೇಡಿ.

ಯಾವುದೇ ಸ್ಪ್ರೇ ಇರಲಿ, ಎರಡು ಮೂರು ತೆಳು ಕೋಟು, ನಡುವೆ ಹತ್ತು ನಿಮಿಷ. ತೇವವೇ ದೊಡ್ಡ ಶತ್ರು. ದ್ರಾವಕ ಆರುವಾಗ ತಗಡು ತಣಿಯುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನಂತೆ ಮಂಕಾಗುತ್ತದೆ. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. 30 ಡಿಗ್ರಿಯಲ್ಲಿ ತೇವಾಂಶ ಶೇ 60 ಇದ್ದರೆ ಇಬ್ಬನಿ ಬಿಂದು 21ರ ಹತ್ತಿರ, ಶೇ 90 ಆದರೆ 28. ಜುಲೈಯಲ್ಲಿ ಕುಮಟೆಯ ಅಂಗಳದಲ್ಲಿ ಸ್ಪ್ರೇ ಹಿಡಿಯುವುದು ಇದಕ್ಕೇ ವ್ಯರ್ಥ. ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ಆದರೆ ಮಳೆಗಾಲದ ತೇವಕ್ಕೆ ಅದೂ ಕಡಿಮೆಯಿಲ್ಲ.

ಬಾನೆಟ್ ಅಥವಾ ಬಾಗಿಲಿನ ಸಂದು ಎರಡು ಬದಿಗೆ ಬೇರೆ ಬೇರೆ ಅಗಲ ಕಂಡರೆ, ಸ್ಟಿಯರಿಂಗ್ ಒಂದು ಕಡೆ ಎಳೆದರೆ, ಕೂಲಂಟ್ ಸೋರಿದರೆ ಇವ್ಯಾವುವೂ ಅಂಗಳದ ಕೆಲಸವಲ್ಲ. ಮುಂದಿನ ಬಂಪರಿನ ಹಿಂದೆ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಬ್ರಾಕೆಟ್ ಬಾಗಿದ್ದರೂ ಅಷ್ಟೇ.

ಪೆಟ್ಟು ಬಿದ್ದದ್ದೇ ಮಳೆಗಾಲದಲ್ಲಾದರೆ ಬಣ್ಣದ ಆಸೆ ಬಿಡಿ. ಹೊಳವಾದ ಒಂದು ಮಧ್ಯಾಹ್ನ ತೊಳೆದು, ಒಣಗಿಸಿ, ಉಜ್ಜಿ, ಕುಂಚದಿಂದಲೇ ಎರಡು ಕೋಟು ಎಪಾಕ್ಸಿ ಪ್ರೈಮರ್ ಬಳಿದು ಓಡಾಡಿ. ಬಿಸಿಲಿಗೆ ಅದು ಕ್ರಮೇಣ ಪುಡಿಯಾಗುತ್ತದಾದರೂ ನಾಲ್ಕು ತಿಂಗಳಿಗೆ ಏನೂ ಆಗುವುದಿಲ್ಲ. ದೀಪಾವಳಿ ಕಳೆದು ಮೂಡಲ ಗಾಳಿ ಬೀಸತೊಡಗಿದ ಮೇಲೆ ಎಮರಿ ಪೇಪರಿನಿಂದ ಮೇಲ್ಮೈ ಕೆರೆದು, ಅದರ ಮೇಲೆಯೇ ಪುಟ್ಟಿ, ಬಣ್ಣ ಮುಂದುವರಿಸಬಹುದು.