ನಿವೃತ್ತಿ ಹಣ: ಅಂಚೆ ಕಚೇರಿಯೋ, ಪಿಂಚಣಿ ಪಾಲಿಸಿಯೋ?

ಮಂಡ್ಯದ ಓದುಗರೊಬ್ಬರಿಗೆ 60 ತುಂಬಿದೆ. ಹಣವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಲಾ, ಆನ್ಯುಟಿ (ವಿಮಾ ಕಂಪನಿಗೆ ಒಟ್ಟಿಗೆ ಹಣ ಕಟ್ಟಿ, ಬದುಕಿರುವವರೆಗೆ ಪಿಂಚಣಿಯಾಗಿ ಪಡೆಯುವ ಪಾಲಿಸಿ) ಕೊಳ್ಳಲಾ ಎಂದು ಕೇಳಿದ್ದಾರೆ.

ಅಂಚೆ ಕಚೇರಿಯಲ್ಲಿ ಸಿಗುವ ಈ ಉಳಿತಾಯ ಯೋಜನೆ 5 ವರ್ಷದ್ದು, ಮಿತಿ 30 ಲಕ್ಷ. ಬಡ್ಡಿ ಮೂರು ತಿಂಗಳಿಗೊಮ್ಮೆ. ಮಧ್ಯದಲ್ಲಿ ತೆಗೆದರೆ ಸ್ವಲ್ಪ ಕಡಿತವಾಗುತ್ತದೆ, ಆದರೂ ಅಸಲು ಸಿಗುತ್ತದೆ. ನನಗೆ ಇದೇ ಮುಖ್ಯ. ಮೈಸೂರಿನ ಆಸ್ಪತ್ರೆಯಲ್ಲಿ ಮುಂಗಡ ಕೇಳಿದಾಗ ಆನ್ಯುಟಿ ಪತ್ರ ತೋರಿಸಿದರೆ ಆಗಲ್ಲ ಅಲ್ವಾ? ಆರೋಗ್ಯ ವಿಮೆಯನ್ನು ಈಗಷ್ಟೇ ಮಾಡಿಸುವವರಿಗಂತೂ ಅಂಚೆ ಕಚೇರಿಯ ಯೋಜನೆಯೇ ಅನುಕೂಲ. ಹಳೆಯ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು, ಅಲ್ಲಿಯವರೆಗೆ ಖರ್ಚು ನಮ್ಮದೇ.

ಆನ್ಯುಟಿಯ ಬಲ ಬೇರೆ. ಕೊಂಡ ದಿನದ ದರವೇ ಕೊನೆಯವರೆಗೂ. ಜಂಟಿಯಾಗಿ ಕೊಂಡರೆ ನಮ್ಮ ನಂತರ ಮನೆಯಾಕೆಗೂ ಬರುತ್ತದೆ. ಬೇರೆ ಪಿಂಚಣಿ ಇಲ್ಲದ, ವಿಮೆ ಗಟ್ಟಿಯಾಗಿರುವ ಮನೆಗೆ ಇದು ಹೊಂದುತ್ತದೆ. ಆದರೆ ಬೆಲೆ ಏರಿದರೂ ಮೊತ್ತ ಸಾಮಾನ್ಯವಾಗಿ ಅಷ್ಟೇ.

ತೆರಿಗೆ ಎರಡಕ್ಕೂ ಇದೆ.