ಅಡಿಕೆ ಸುಲಿಯುವ ರಾತ್ರಿಗೆ ಗೆಳತಿಯರ ಸಿನಿಮಾ: ನಾಲ್ಕು ನೋಡಿದೆವು, ಉಳಿದಿದ್ದು ಗುಲಾಬಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 'ಗುಲಾಬಿ ಟಾಕೀಸ್'ಗೆ. ಉಳಿದ ಮೂರೂ ಕೆಟ್ಟ ಸಿನಿಮಾಗಳಲ್ಲ. ಅದರಲ್ಲಿ ಒಂದನ್ನಂತೂ ಆಮೇಲೆ ಒಬ್ಬಳೇ ಕೂತು ಮತ್ತೆ ನೋಡಿ ಅತ್ತಿದ್ದೇನೆ. ಆದರೆ ನಾವು ನಾಲ್ಕು ಜನ ಸೇರಿ ನೋಡುವ ರೀತಿಗೆ ಹೊಂದಿದ್ದು ಅದೊಂದೇ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಈಗ ಯಂತ್ರದಲ್ಲಿ ಅಡಿಕೆ ಸುಲಿಸುವವರೇ ಜಾಸ್ತಿ, ನಮ್ಮ ನಾಲ್ಕು ಮನೆಯವರು ಮಾತ್ರ ಇನ್ನೂ ಮುಯ್ಯಾಳು ಬಿಟ್ಟಿಲ್ಲ. ಇವತ್ತು ನಮ್ಮನೆ ಅಡಿಕೆ ಕೊನೆ (ಗೊನೆ) ಕೊಯ್ದರೆ ಅವರೆಲ್ಲ ಇಲ್ಲಿಗೆ, ನಾಳೆ ಅವರ ಮನೆಯದಾದರೆ ನಾನು ಅಲ್ಲಿಗೆ. ಹಸಿ ಅಡಿಕೆಯನ್ನು ಸುಮ್ನೆ ಇಟ್ಟುಕೊಂಡು ಕೂರುವ ಹಾಗಿಲ್ಲ, ಬೇಗ ಸುಲಿದು ಬೇಯಿಸಿ ಒಣಹಾಕಬೇಕು, ಹಾಗಾಗಿ ರಾತ್ರಿ ಊಟ ಮುಗಿಸಿ ಕೂತರೆ ಏಳುವಾಗ ಹನ್ನೊಂದು ದಾಟಿರುತ್ತದೆ. ನಾನು, ಚಿಕ್ಕಮ್ಮ, ಮೇಲಿನಮನೆ ಅಕ್ಕ, ಕೆಳಗಿನಮನೆ ಅತ್ತಿಗೆ. ಎಷ್ಟೋ ವರ್ಷದಿಂದ ಇದೇ ನಾಲ್ಕು ಜನ. ಹೋದ ಸಲ ಟಿವಿಯನ್ನು ಜಗಲಿಗೆ ತಂದಿಟ್ಟೆ. ಹೇಗೂ ಹೆಂಗಸರೇ ಕೂತಿರುತ್ತೇವೆ, ಹೆಂಗಸರ ಗೆಳೆತನದ ಸಿನಿಮಾ ಹಾಕೋಣ ಅಂತ ನನಗೆ ಬಹಳ ಆಸೆಯಿತ್ತು.

ಮೊದಲ ರಾತ್ರಿ 'ಥೆಲ್ಮಾ ಅಂಡ್ ಲೂಯಿಸ್'. 1991ರದ್ದು. ಗೆಳತಿಯರ ಸಿನಿಮಾ ಅಂದರೆ ಎಲ್ಲರೂ ಇದರ ಹೆಸರನ್ನೇ ಮೊದಲು ಹೇಳುತ್ತಾರೆ ಅಂತ ದುಡ್ಡು ಕೊಟ್ಟು ಬಾಡಿಗೆಗೆ ತೆಗೆದುಕೊಂಡೆ. ಶುರು ಮಾಡಿದ ಮೇಲೆ 48 ಗಂಟೆಯೊಳಗೆ ಮುಗಿಸಬೇಕಿತ್ತು. ಇಬ್ಬರು ಗೆಳತಿಯರು ವಾರದ ಕೊನೆಗೆ ಅಂತ ಕಾರಿನಲ್ಲಿ ಹೊರಡುತ್ತಾರೆ, ದಾರಿಯಲ್ಲಿ ಒಬ್ಬ ಥೆಲ್ಮಾಳ ಮೈಮೇಲೆ ಬೀಳುತ್ತಾನೆ, ಲೂಯಿಸ್ ಅವನಿಗೆ ಗುಂಡು ಹಾರಿಸುತ್ತಾಳೆ. ಅಲ್ಲಿಂದ ಅವರಿಗೆ ವಾಪಸ್ ಬರುವ ದಾರಿಯೇ ಇರುವುದಿಲ್ಲ. ಅಲ್ಲೀವರೆಗೆ ಎಲ್ಲರಿಗೂ ಅರ್ಥವಾಯಿತು, ಬಂದೂಕಿಗೆ ಭಾಷೆ ಬೇಡ ಅಲ್ವಾ. ಆಮೇಲೆ ಶುರುವಾಯಿತು ಸಬ್‌ಟೈಟಲ್ ಕಾಟ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಸಿನಿಮಾ ಆರಿಸುವಾಗ ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಅಡಿಕೆ ಸುಲಿಯುವಾಗ ಕಣ್ಣು ಕತ್ತಿಯ ಮೇಲಿರಬೇಕು. ಕೈ ಪಳಗಿದವರು ಆಗಾಗ ತಲೆ ಎತ್ತಿ ಟಿವಿ ನೋಡಬಹುದು, ಆದರೆ ಓದುವುದಕ್ಕೆ ಆಗುವುದಿಲ್ಲ. ನೋಡುವುದು ಬೇರೆ, ಓದುವುದು ಬೇರೆ. ಒಂದು ಸಾಲು ಓದಿ ಮುಗಿಸುವಷ್ಟು ಹೊತ್ತು ಕಣ್ಣು ಅಲ್ಲೇ ಇರಬೇಕು, ಅಷ್ಟರಲ್ಲಿ ಕೈ ತಪ್ಪುತ್ತದೆ. ಅದೂ ಇಂಗ್ಲಿಷಿನಲ್ಲಿ. ಚಿಕ್ಕಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅತ್ತಿಗೆಗೆ ಕೂಡಿಸಿ ಓದುವಷ್ಟು ಬರುತ್ತದೆ, ಆದರೆ ಅವರು ಅರ್ಧ ಓದುವಷ್ಟರಲ್ಲಿ ಸಾಲು ಮಾಯ.

ಸರಿ, ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಹೇಳುತ್ತಿದ್ದರೆ ನನ್ನ ಸುಲಿತ ನಿಲ್ಲುತ್ತದೆ, ನನ್ನ ಮುಂದಿನ ರಾಶಿ ಹಾಗೇ ಕೂತಿರುತ್ತದೆ. ನಾನು ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಸಿನಿಮಾದವರು ಮೂರು ಮಾತು ಮುಂದೆ ಹೋಗಿರುತ್ತಾರೆ. 'ಈಗ ಅವಳು ಯಾಕೆ ನಕ್ಕಿದ್ದು?' ಅಂತ ಅಕ್ಕ ಕೇಳಿದರೆ ಹಿಂದಕ್ಕೆ ಹೋಗಬೇಕು, ರಿಮೋಟ್ ಮುಟ್ಟಬೇಕಾದರೆ ಕೈಗೆ ಹತ್ತಿದ ಅಡಿಕೆ ಚೊಗರು (ಕರೆ) ಒರೆಸಬೇಕು. ಒಂದೂವರೆ ಗಂಟೆಯಲ್ಲಿ ನನ್ನ ಗಂಟಲು ಕಟ್ಟಿತು. ಎಲ್ಲಕ್ಕಿಂತ ಬೇಜಾರಾಗಿದ್ದು ಏನೆಂದರೆ, ನಮ್ಮ ಮಾತೇ ನಿಂತುಹೋಯಿತು. ಸುಲಿತದ ರಾತ್ರಿ ಇರುವುದೇ ಮಾತಿಗೆ. ಯಾರ ಸೊಸೆ ತವರಿಗೆ ಹೋದಳು, ಯಾರ ತೋಟಕ್ಕೆ ಕೊಳೆ ರೋಗ ಬಂತು, ಇದೆಲ್ಲ ಬಿಟ್ಟು ಮೂವರೂ ನನ್ನ ಬಾಯಿ ನೋಡುತ್ತಾ ಕೂತಿದ್ದರು.

ಮರುದಿನ ನಮಗೆ ಬೇರೆ ಮನೆಯ ಸುಲಿತ, ಅದರ ಮರುದಿನ ಸಂಜೆಯಿಂದ ಕರೆಂಟಿಲ್ಲ, ಅಲ್ಲಿಗೆ 48 ಗಂಟೆ ಮುಗಿಯಿತು. ಕೊನೆಯ ಅರ್ಧ ಗಂಟೆಗೆ ಮತ್ತೆ ದುಡ್ಡು ಕೊಡಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಇಬ್ಬರೂ ಕೈ ಹಿಡಿದುಕೊಂಡು ಕಾರನ್ನು ಕಣಿವೆಗೆ ಓಡಿಸುತ್ತಾರೆ ಅಂತ ನಾನೇ ಬಾಯಲ್ಲಿ ಹೇಳಿ ಮುಗಿಸಿದೆ. ಅತ್ತಿಗೆ ತುಂಬಾ ಹೊತ್ತು ಸುಮ್ಮನಿದ್ದು, 'ಒಬ್ಬಳೇ ಆಗಿದ್ದಿದ್ರೆ ಅಷ್ಟು ಧೈರ್ಯ ಬರ್ತಿರ್ಲಿಲ್ಲ ಮಾರಾಯ್ತಿ' ಅಂದರು. ಆ ಒಂದು ಮಾತಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಇಷ್ಟಾದ ಮೇಲೂ ನಾನು 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' ಹಾಕಿದೆ. ಪಾಯಲ್ ಕಪಾಡಿಯಾ ಅವರದ್ದು, 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಗೆದ್ದ ಸಿನಿಮಾ. ಮುಂಬೈಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸ್‌ಗಳು ಪ್ರಭಾ ಮತ್ತು ಅನು, ಅಲ್ಲೇ ಅಡುಗೆ ಕೆಲಸದ ಪಾರ್ವತಿ. ಜರ್ಮನಿಯಿಂದ ಒಂದು ಅನ್ನದ ಕುಕ್ಕರ್ ಬರುತ್ತದೆ, ಪ್ರಭಾಳ ಗಂಡ ಇರುವುದೂ ಜರ್ಮನಿಯಲ್ಲೇ, ಆದರೆ ಅವನ ಫೋನಿಲ್ಲ, ಕಾಗದವಿಲ್ಲ. ರಾತ್ರಿ ಅವಳು ಆ ಕುಕ್ಕರನ್ನೇ ತಬ್ಬಿಕೊಂಡು ಕೂರುವ ದೃಶ್ಯಕ್ಕೆ ಯಾವ ಸಬ್‌ಟೈಟಲ್ಲೂ ಬೇಡ, ಮೂವರೂ ಕತ್ತಿ ಬಿಟ್ಟು ನೋಡಿದರು. ಉಳಿದದ್ದಕ್ಕೆ ಬೇಕು. ಮಲಯಾಳಂ, ಹಿಂದಿ, ಮರಾಠಿ ಎಲ್ಲ ಇದೆ, ಮಾತೂ ಮೆಲ್ಲಗೆ. ಓದಲು ಹೋಗಿ ಅಕ್ಕ ಹೆಬ್ಬೆರಳು ಕುಯ್ದುಕೊಂಡರು. ಅರಿಶಿನ ಒತ್ತಿ ಬಟ್ಟೆ ಕಟ್ಟಿ ಅವತ್ತು ಅಲ್ಲಿಗೇ ನಿಲ್ಲಿಸಿದೆವು. ನಾನು ಒಬ್ಬಳೇ ಮತ್ತೆ ನೋಡಿ ಅತ್ತಿದ್ದು ಇದನ್ನೇ. ಕಾಗದಪತ್ರ ಇಲ್ಲ ಅಂತ ಪಾರ್ವತಿಯನ್ನು ಮನೆ ಬಿಡಿಸುತ್ತಾರೆ, ಅವಳು ರತ್ನಾಗಿರಿ ಕಡೆಯ ತನ್ನ ಊರಿಗೆ ಹೊರಟಾಗ ಇವರಿಬ್ಬರೂ ಸಾಮಾನು ಹೊತ್ತುಕೊಂಡು ಜೊತೆಗೆ ಹೋಗುತ್ತಾರೆ. ಗೆಳೆತನ ಅಂದರೆ ನನಗೆ ಅದೇ. ಒಬ್ಬರೇ ನೋಡುವುದಾದರೆ ಇದನ್ನೇ ನೋಡಿ.

'ಲಾಪತಾ ಲೇಡೀಸ್' ನೋಡಿ ಎಲ್ಲರೂ ನಕ್ಕರು. ಹಿಂದಿಯಾದರೂ ಕಥೆ ತಾನಾಗೇ ನಡೆಯುತ್ತದೆ. ಅದರಲ್ಲಿ ಅತ್ತೆಯೊಬ್ಬಳು ತನಗಿಷ್ಟವಾದ ತಾವರೆ ದಂಟಿನ ಪಲ್ಯವನ್ನೇ ಮಾಡುವುದು ಬಿಟ್ಟಿರುತ್ತಾಳೆ, ಹೆಂಗಸರ ರುಚಿಗೆ ಅಂತ ಯಾರು ಅಡುಗೆ ಮಾಡುತ್ತಾರೆ ಅಂತ. ಅದಕ್ಕೆ ಚಿಕ್ಕಮ್ಮ, 'ನಾನು ಕಳಲೆ ಪಲ್ಯ ಮಾಡದೆ ಎಷ್ಟು ವರ್ಷ ಆಯ್ತು, ನಿನ್ನ ಚಿಕ್ಕಪ್ಪಂಗೆ ಸೇರಲ್ಲ' ಅಂದರು. ಆದರೆ ರೈಲಿನಲ್ಲಿ ಅದಲುಬದಲಾದ ಇಬ್ಬರು ಮದುಮಗಳಂದಿರೇ ನಾಯಕಿಯರು, ಅವರು ಸಿನಿಮಾದ ಬಹುಪಾಲು ಬೇರೆ ಬೇರೆ ಕಡೆ ಇರುತ್ತಾರೆ, ಇದು ಗೆಳತಿಯರ ಸಿನಿಮಾ ಹೌದೋ ಅಲ್ಲವೋ ಅಂತ ನಮ್ಮಲ್ಲೇ ಜಗಳ.

ಕೊನೆಗೆ 'ಗುಲಾಬಿ ಟಾಕೀಸ್', 2008ರದ್ದು. ನನ್ನ ಹತ್ತಿರ ಹಳೇ ಡಿವಿಡಿ ಇತ್ತು, ಖರ್ಚೂ ಇಲ್ಲ, ಗಡುವೂ ಇಲ್ಲ. ಗಿರೀಶ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು, ಮೂಲ ಕಥೆ ವೈದೇಹಿಯವರದ್ದು. ಮಾತು ಕುಂದಾಪುರದ ಕನ್ನಡ. ಘಟ್ಟದ ಕೆಳಗಿನ ಮಾತು ನಮ್ಮ ಕಿವಿಗೆ ಹೊಸದಲ್ಲ, ಅತ್ತಿಗೆಯ ತವರಂತೂ ಅಲ್ಲೇ. ತಲೆ ಬಗ್ಗಿಸಿ ಸುಲಿಯುತ್ತಲೇ ಕಥೆ ಕೇಳಿಸಿಕೊಂಡರು, ಬೇಕಾದಾಗ ಮಾತ್ರ ತಲೆ ಎತ್ತಿದರು.

ಉಮಾಶ್ರೀ ಮಾಡಿದ ಗುಲಾಬಿ ಒಬ್ಬ ಸೂಲಗಿತ್ತಿ. ಅವಳಿಗೆ ಸಿನಿಮಾ ಹುಚ್ಚು, ಗಂಡ ಬಿಟ್ಟು ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಟಿವಿ, ಡಿಶ್ ಸಿಗುತ್ತದೆ. ಊರ ಹೆಂಗಸರು ಅವಳ ಮನೆಗೆ ಬರುತ್ತಾರೆ, ಅವಳು ಮುಸ್ಲಿಂ ಅಂತ ಕೆಲವರು ಬರುವುದೇ ಇಲ್ಲ, ಇನ್ನು ಕೆಲವರು ಹೊರಗೇ ನಿಂತು ನೋಡುತ್ತಾರೆ. ಹತ್ತಿರವಾಗುವವಳು ನೇತ್ರು. ಅವಳ ಗಂಡ ದೂರ, ಮನೆಯಲ್ಲಿ ಅತ್ತೆಯ ದರ್ಬಾರು. ಟಿವಿ ಮುಂದೆ ಕೂತು ಇವರಿಬ್ಬರು ಆಡುವ ಮಾತು ಬರುವಾಗ ನಮ್ಮ ಜಗಲಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾವೂ ಹಾಗೇ ಟಿವಿ ಮುಂದೆ ಕೂತಿದ್ದೆವಲ್ಲ. ಕೊನೆ ಹೇಳುವುದಿಲ್ಲ, ಸುಖದ್ದಲ್ಲ. ಉಮಾಶ್ರೀಗೆ ಇದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಬರಲೇಬೇಕಿತ್ತು.

ಸಿನಿಮಾ ಮುಗಿದ ಮೇಲೂ ಯಾರೂ ಏಳಲಿಲ್ಲ. ಅಕ್ಕ ತಮ್ಮ ಮದುವೆಯಾದ ಮೊದಲ ವರ್ಷದ ಕಥೆ ಹೇಳಿದರು, ಇಷ್ಟು ವರ್ಷ ಒಟ್ಟಿಗೆ ಸುಲಿದರೂ ನಮಗೆ ಗೊತ್ತಿರದ ಕಥೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಮಗೆ ಇಂಗ್ಲಿಷ್ ಓದುವುದು ಸಲೀಸು, ಕೈಯಲ್ಲಿ ಕತ್ತಿ ಇಲ್ಲ ಅಂದರೆ ನಿಮ್ಮ ಆಯ್ಕೆ ಬೇರೆ ಆಗಬಹುದು. ನಮ್ಮ ಜಗಲಿಗೆ ಮಾತ್ರ ಗುಲಾಬಿಯೇ. ಈ ಸಲದ ಕೊಯ್ಲು ಇನ್ನೂ ದೂರ ಇದೆ, ಚಿಕ್ಕಮ್ಮ ಆಗಲೇ ಎರಡು ಸಲ ಕೇಳಿದ್ದಾರೆ, 'ಆ ಡಿಸ್ಕು ಜೋಪಾನ ಇದೆ ಅಲ್ದಾ?'